ಸರಪಳಿ ಹಿಡಿದ ದಂಡಿನ ದೊರೆ



ದಿಲ್ಲಿಯಿಂದ ಕಾಜಿಪೇಟೆ ಮಾರ್ಗವಾಗಿ ಬೆಂಗಳೂರಿಗೆ ಹೊರಟರೆ ನಾಗಪುರ ದಾಟಿದ ಮೇಲೆ ಹಿಂಗಣಘಾಟ್ ಎಂಬ ಊರು ಬರುತ್ತದೆ. 1823ರ ಜನವರಿಯಲ್ಲಿ ಅಲ್ಲಿ ಒಬ್ಬ ಬ್ರಿಟಿಷ್ ಸೇನಾಧಿಕಾರಿ ಕೆಲಸದ ನಡುವೆಯೇ ತೀರಿಕೊಂಡ. ಹೆಸರು ವಿಲಿಯಂ ಲ್ಯಾಂಬ್ಟನ್. ನೀವು ಕೇಳಿರಲಾರಿರಿ. ಆತನ ಸಹಾಯಕನಾಗಿದ್ದ ಎವರೆಸ್ಟ್‌ನ ಹೆಸರು ಮಾತ್ರ ನಮಗೆಲ್ಲ ಬಾಯಿಪಾಠ!

ಸೇನೆಯಲ್ಲಿ ಈತನದು ಹೇಳಿಕೊಳ್ಳುವಂಥ ಏಳಿಗೆಯೇನಲ್ಲ. ಕೆನಡಾದ ಮೂಲೆಯಲ್ಲಿ ವರ್ಷಗಟ್ಟಲೆ ಬ್ಯಾರಕ್ಕುಗಳ ಉಸ್ತುವಾರಿ. ಬರಿಗಣ್ಣಿನಿಂದ ಸೂರ್ಯಗ್ರಹಣ ನೋಡಿ ಒಂದು ಕಣ್ಣಿನ ದೃಷ್ಟಿಯೂ ಹೋಯಿತು. ನಲವತ್ತು ದಾಟಿದ ಮೇಲೆ 33ನೇ ರೆಜಿಮೆಂಟಿನ ಜತೆ ಭಾರತಕ್ಕೆ ಬಂದು, 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ. ಒಂದು ರಾತ್ರಿ ದಂಡು ದಾರಿ ತಪ್ಪಿ ಟಿಪ್ಪುವಿನ ಸೈನ್ಯದ ಕಡೆಗೇ ನಡೆದಿದ್ದನ್ನು ನಕ್ಷತ್ರ ನೋಡಿ ಹೇಳಿದವನು ಈತನೇ ಎನ್ನುತ್ತಾರೆ.

ಗೆದ್ದ ಸೀಮೆಯ ಅಳತೆ ಕಂಪೆನಿಗೆ ಬೇಕಾಗಿತ್ತು. ಲ್ಯಾಂಬ್ಟನ್‌ಗೆ ಬೇಕಾಗಿದ್ದು ಭೂಮಿಯ ಆಕಾರ. 1802ರ ಏಪ್ರಿಲ್ ಬಿಸಿಲಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ನೂರು ಅಡಿಯ ಉಕ್ಕಿನ ಸರಪಳಿ ಹಾಸಿ ಏಳೂವರೆ ಮೈಲಿ ಅಳೆದ. ಶಾಖಕ್ಕೆ ಉಕ್ಕು ಹಿಗ್ಗುತ್ತದೆಂದು ಪಕ್ಕದಲ್ಲೇ ಶಾಖಮಾಪಕ! ಅಲ್ಲಿಂದ ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತಾ ಬೆಂಗಳೂರಿಗೆ ಬಂದು, 1804ರಲ್ಲಿ ಮತ್ತೊಮ್ಮೆ ನೆಲ ಅಳೆದು ನೋಡಿದರೆ ಲೆಕ್ಕಕ್ಕೂ ಅಳತೆಗೂ ಕೆಲವೇ ಅಂಗುಲಗಳ ವ್ಯತ್ಯಾಸ. ಮದರಾಸಿಗೂ ಮಂಗಳೂರಿಗೂ ಇರುವ ದೂರ ಹಳೆಯ ನಕ್ಷೆಗಳಲ್ಲಿದ್ದುದಕ್ಕಿಂತ ಸುಮಾರು ನಲವತ್ತು ಮೈಲಿ ಕಡಿಮೆ ಎಂಬುದೂ ಹೊರಬಿತ್ತು. 1808ರಲ್ಲಿ ತಂಜಾವೂರಿನ ದೊಡ್ಡ ಗುಡಿಯ ಮೇಲೇರಿಸುವಾಗ ಹಗ್ಗ ಹರಿದು, ಅರ್ಧ ಟನ್ ತೂಕದ ಥಿಯೊಡೊಲೈಟ್ ಗೋಡೆಗೆ ಬಡಿಯಿತು. ಮುದುಕ ಡೇರೆಯೊಳಗೆ ಕೂತು ಆರು ವಾರ ಅದನ್ನು ತಾನೇ ರಿಪೇರಿ ಮಾಡಿದ.

ಇದನ್ನೆಲ್ಲ ಹೇಳುತ್ತಿದ್ದಾಗ ನಮ್ಮ ಸಂಘದ ಹುಡುಗನೊಬ್ಬ ಕೇಳಿಯೇಬಿಟ್ಟ: "ಮಾಮಾ, ನಮ್ಮ ಕೋಟೆ ಮುತ್ತಿದವನನ್ನು ನಾವ್ಯಾಕೆ ಹೊಗಳಬೇಕು?" ನ್ಯಾಯವಾದ ಪ್ರಶ್ನೆ. ನಕ್ಷೆ ಬಂದಲ್ಲಿಗೆ ಕಂದಾಯವೂ ಫಿರಂಗಿಯೂ ಸಲೀಸಾಗಿ ಬಂದವು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಆ ಅಂಗುಲಗಳ ಲೆಕ್ಕದ ಮುಂದೆ ನನ್ನ ತಲೆ ಬಾಗುತ್ತದೆ ಎಂದೆ. ಅವನಿಗೆ ಒಪ್ಪಿಗೆಯಾಗಲಿಲ್ಲ.

ಸರಪಳಿ ಎಳೆದವರು, ಬೆಟ್ಟದ ತುದಿಯಲ್ಲಿ ಬಾವುಟ ಹಿಡಿದು ನಿಂತವರು, ಕಾಡುಜ್ವರಕ್ಕೆ ಬಲಿಯಾದವರು ಹೆಚ್ಚಾಗಿ ನಮ್ಮ ಕಡೆಯವರೇ. ಅವರಲ್ಲಿ ಒಬ್ಬನ ಹೆಸರು ಹೇಳಿ ಎಂದಿದ್ದರೆ ನಾನು ಬಾಯಿ ಬಿಡುವಂತಿರಲಿಲ್ಲ. ಸದ್ಯ, ಹುಡುಗ ಅದನ್ನು ಕೇಳಲಿಲ್ಲ.