ದಾರದ ತುದಿಯಲ್ಲಿ ವಿಮಾನ

ಗಾಳಿಪಟ ಹಾರಿಸುವವನ ಕೈಯಲ್ಲಿ ಒಂದೇ ದಾರ. ‘ಕಂಟ್ರೋಲ್ ಲೈನ್’ ಮಾದರಿ ವಿಮಾನ ಹಾರಿಸುವವನ ಕೈಯಲ್ಲಿ ಎರಡು. ಗಾಳಿಪಟದ ದಾರ ಹರಿದರೆ ಹೋಗುವುದು ಒಂದು ಹಾಳೆ ಕಾಗದ. ವಿಮಾನದ ದಾರ ಹರಿದರೆ ತಿರುಗುವ ಪ್ರೊಪೆಲರ್ ಸಮೇತ ಅದು ನೋಡುತ್ತ ನಿಂತವರ ಮೇಲೆಯೇ ನುಗ್ಗಬಹುದು. ಆದ್ದರಿಂದ ಈ ಹವ್ಯಾಸದಲ್ಲಿ ಎಂಜಿನ್ನಿನಷ್ಟೇ ಗಮನ ದಾರಕ್ಕೂ ಸಲ್ಲಬೇಕು.

ಅಮೆರಿಕದ ಪೋರ್ಟ್‌ಲೆಂಡ್ ನಗರದ ಜಿಮ್ ವಾಕರ್ ‘ಯು-ಕಂಟ್ರೋಲ್’ ಎಂಬ ಹೆಸರಿನಲ್ಲಿ ಈ ವಿಧಾನವನ್ನು ಜನಪ್ರಿಯಗೊಳಿಸಿದ. 1942ರಲ್ಲಿ ಪೇಟೆಂಟನ್ನೂ ಪಡೆದ. ನಮ್ಮಲ್ಲಿ ಎನ್‌ಸಿಸಿ ವಾಯುವಿಭಾಗದ ಕೆಡೆಟ್‌ಗಳಿಗೆ ಇದು ಪರಿಚಿತ. ಹಾರಿಸುವವನು ವೃತ್ತದ ನಡುವೆ ನಿಂತು ಹಿಡಿಕೆಯನ್ನು ಹಿಂದಕ್ಕೆ ಬಾಗಿಸಿದರೆ ಒಂದು ದಾರ ಬಿಗಿಯಾಗಿ, ವಿಮಾನದೊಳಗಿನ ಸನ್ನೆ ತಿರುಗಿ, ಬಾಲದ ರೆಕ್ಕೆ ಮೇಲಕ್ಕೇಳುತ್ತದೆ, ವಿಮಾನ ಏರುತ್ತದೆ. ಮುಂದಕ್ಕೆ ಬಾಗಿಸಿದರೆ ಇಳಿಯುತ್ತದೆ.

ದಾರದ ಮೇಲೆ ಬೀಳುವ ಎಳೆತವನ್ನು ಹೈಸ್ಕೂಲಿನ ಲೆಕ್ಕದಿಂದಲೇ ತಿಳಿಯಬಹುದು. ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ, ತ್ರಿಜ್ಯದಿಂದ ಭಾಗಿಸಿದರಾಯಿತು. 150 ಗ್ರಾಂ ತೂಕದ ಪುಟ್ಟ ವಿಮಾನ 10 ಮೀಟರ್ ದಾರದಲ್ಲಿ ಸೆಕೆಂಡಿಗೆ 15 ಮೀಟರ್ ವೇಗದಿಂದ ಸುತ್ತಿದರೆ ಎಳೆತ ಸುಮಾರು 350 ಗ್ರಾಂ ತೂಕದಷ್ಟು. ಒಂದೂವರೆ ಕಿಲೋ ವಿಮಾನ 20 ಮೀಟರ್ ದಾರದಲ್ಲಿ ಸೆಕೆಂಡಿಗೆ 25 ಮೀಟರ್ ವೇಗದಿಂದ ಹಾರಿದರೆ ಅದು ಐದು ಕಿಲೋ ಹತ್ತಿರಕ್ಕೆ ಬರುತ್ತದೆ. ಸಡಿಲಾದ ದಾರ ಫಕ್ಕನೆ ಬಿಗಿಯಾದಾಗ ಬೀಳುವ ಜಗ್ಗು ಇದಕ್ಕೂ ಹೆಚ್ಚು.

ಹಾಗೆಂದು ದಪ್ಪ ದಾರ ಕಟ್ಟಿದರೆ ಗಾಳಿಯ ತಡೆ ಹೆಚ್ಚುತ್ತದೆ. ದಾರದ ಹೊರಭಾಗ ಒಳಭಾಗಕ್ಕಿಂತ ಬಹಳ ವೇಗವಾಗಿ ಸುತ್ತುವುದರಿಂದ, ದಾರವನ್ನು ಎಳೆದೊಯ್ಯಲು ಬೇಕಾದ ಶಕ್ತಿಯ ಹದಿನಾರರಲ್ಲಿ ಹದಿನೈದು ಪಾಲನ್ನು ಹೊರಗಿನ ಅರ್ಧ ದಾರವೇ ನುಂಗುತ್ತದೆ. ತೂಕವೂ ಮುಖ್ಯ. 0.3 ಮಿಲಿಮೀಟರ್ ದಪ್ಪದ, ಹತ್ತು ಹತ್ತು ಮೀಟರಿನ ಎರಡು ಗಟ್ಟಿ ಉಕ್ಕಿನ ತಂತಿಗಳು ಸುಮಾರು 11 ಗ್ರಾಂ ತೂಗುತ್ತವೆ. ಅದೇ ಗಾತ್ರದ ಪಾಲಿಎಥಿಲೀನ್ ಒಂದೂವರೆ ಗ್ರಾಂ ಒಳಗೇ. 150 ಗ್ರಾಂ ವಿಮಾನಕ್ಕೆ ಈ ವ್ಯತ್ಯಾಸ ಸಣ್ಣದಲ್ಲ.

ಹಗುರವೆಂದು ಸಾಮಾನ್ಯ ನೈಲಾನ್ ಗಾಳದ ದಾರವನ್ನು ಕಟ್ಟುವುದು ಸಲ್ಲ. ಅದು ರಬ್ಬರಿನಂತೆ ಹಿಗ್ಗುತ್ತದೆ. ಕೈ ಎಳೆದರೂ ಬಾಲದ ರೆಕ್ಕೆ ತಡವಾಗಿ ಏಳುತ್ತದೆ. ನೆಲ ಹತ್ತಿರವಿದ್ದಾಗ ಆ ಕ್ಷಣವೇ ಸಾಕು, ವಿಮಾನ ಪುಡಿ. 1970ರ ದಶಕದ ಕೊನೆಗೆ ನೆದರ್ಲೆಂಡ್ಸಿನ ಡಿಎಸ್‌ಎಂ ಕಂಪನಿಯಲ್ಲಿ ರೂಪುಗೊಂಡ ‘ಡೈನೀಮಾ’, ಅದೇ ಜಾತಿಯ ‘ಸ್ಪೆಕ್ಟ್ರಾ’ ಎಳೆಗಳು ತುಂಡಾಗುವ ಮುನ್ನ ಹಿಗ್ಗುವುದು ನೂರಕ್ಕೆ ಮೂರು–ನಾಲ್ಕು ಪಾಲು ಮಾತ್ರ. ಇವು ನೀರಿನಲ್ಲಿ ತೇಲುವಷ್ಟು ಹಗುರ. ಜಡೆಯಂತೆ ಹೆಣೆದ ಈ ದಾರ ಹೊಸೆದ ದಾರದಂತೆ ಭಾರ ಬಿದ್ದಾಗ ಬಿಚ್ಚಿ ತಿರುಗುವುದಿಲ್ಲ. ನುಣುಪಾಗಿರುವುದರಿಂದ, ವಿಮಾನ ಲಾಗ ಹಾಕಿ ಎರಡೂ ದಾರ ಸುತ್ತಿಕೊಂಡರೂ ಒಂದರ ಮೇಲೊಂದು ಜಾರುತ್ತವೆ.

ಆದರೆ ಆ ನುಣುಪೇ ಗಂಟಿಗೆ ಶತ್ರು. ಗಂಟು ಜಾರದಂತೆ ದಾರವನ್ನು ಜೋಡಿಸಿ ಹಾಕಬೇಕು. ಗಂಟು ಬಿದ್ದಲ್ಲಿ ದಾರದ ಬಲ ಅರ್ಧಕ್ಕೆ ಇಳಿಯಿತೆಂದೇ ಲೆಕ್ಕ ಹಿಡಿಯುವುದು ಕ್ಷೇಮ. 20 ಪೌಂಡ್ ಎಂದು ಬರೆದ ದಾರ ಗಂಟಿನಲ್ಲಿ ತಾಳುವುದು ನಾಲ್ಕೂವರೆ ಕಿಲೋ. ನಮ್ಮ ಪುಟ್ಟ ವಿಮಾನಕ್ಕೆ ಇಷ್ಟು ಧಾರಾಳ. ಹಾರಿಸುವ ಮುನ್ನ ವಿಮಾನದ ತೂಕದ ಹತ್ತರಷ್ಟು ಬಲದಿಂದ ಎಳೆದು ನೋಡಬೇಕು. ಈ ದಾರ ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಎಂಜಿನ್ನಿನ ಹೊಗೆಕೊಳವೆಗೆ ತಾಗಬಾರದು. ಲೋಹದ ಕೊಕ್ಕೆಯ ಅಂಚಿಗೆ ಉಜ್ಜಿ ನವಿರೆದ್ದರೆ ಎಸೆದುಬಿಡಬೇಕು. ದೊಡ್ಡ ವಿಮಾನಗಳಿಗೆ ಹಲವು ಎಳೆಗಳ ಉಕ್ಕಿನ ತಂತಿಯೇ ರೂಢಿ. ಸ್ಪರ್ಧೆಗೆ ಹೋಗುವವರು ನಿಯಮಪುಸ್ತಕ ನೋಡಿಯೇ ದಾರ ಕೊಳ್ಳಬೇಕು.

ಇನ್ನೊಂದು ಮಾತು, ಎಲ್ಲಕ್ಕಿಂತ ಮುಖ್ಯವಾದದ್ದು. ನಮ್ಮ ಬಯಲುಗಳ ಮೇಲೆ ವಿದ್ಯುತ್ ತಂತಿಗಳು ಹಾಯ್ದು ಹೋಗಿರುತ್ತವೆ. ಉಕ್ಕಿನ ಲೈನು ಅದಕ್ಕೆ ತಗುಲಿದರೆ ಹಿಡಿಕೆ ಹಿಡಿದವನ ಪ್ರಾಣವೇ ಹೋದೀತು. ಹೆಣೆದ ದಾರ ಲೋಹವಲ್ಲವೆಂದು ಧೈರ್ಯ ತಾಳುವಂತಿಲ್ಲ. ಇಬ್ಬನಿಯಲ್ಲಿ ನೆನೆದ, ಮಣ್ಣು ಮೆತ್ತಿದ ದಾರವೂ ವಿದ್ಯುತ್ತನ್ನು ಹರಿಸಬಲ್ಲದು. ಮೈದಾನಕ್ಕೆ ಹೋದ ಮಕ್ಕಳು ದಾರ ಬಿಚ್ಚುವ ಮುನ್ನ ಒಮ್ಮೆ ತಲೆಯೆತ್ತಿ ಸುತ್ತ ನೋಡಲಿ. ತಂತಿ ಕಂಡರೆ ಬೇರೆ ಮೈದಾನ ಹುಡುಕಲಿ.