ದಂಪತಿಗಳನ್ನು ಅಗಲಿಸುವ ಬುದ್ಧಿವಾದ

ಕನ್ನಡದ ರತ್ನಗಿರಿ 1953ರಲ್ಲಿ ಆಂಧ್ರಕ್ಕೆ ಸೇರಿತು. ಶಿರಾ, ಮಧುಗಿರಿ ಸೀಮೆಯೊಡನೆ ಅದು ಹೆಣ್ಣು ಕೊಟ್ಟು ತರುವ ಸಂಬಂಧ ಮಾತ್ರ ನಿಲ್ಲಲಿಲ್ಲ. ಅಂಥ ಗಡಿನಾಡಿನ ದಂಪತಿ ದುಬೈಯಲ್ಲಿ ಒಂದೇ ಸೂರಿನಡಿ ಬಾಳುತ್ತ, ಅಮೆರಿಕದ ಪ್ರಜೆಯಾದ ಪತಿ ಪತ್ನಿಗಾಗಿ ವಲಸೆ ವೀಸಾ ಕೋರಿದರೆ, ನಮ್ಮವರೇ ಹೇಳುವುದೇನು? ‘ನೀವು ಮೊದಲು ಹೋಗಿ ನೆಲಸಿ, ಅವರು ಆಮೇಲೆ ಬರಲಿ.’ ಇದು ಅಜ್ಞಾನದ ಮಾತು, ಕ್ರೂರವೂ ಹೌದು.

ಐ-864 ಹೊಣೆಪತ್ರಕ್ಕೆ ಸಹಿ ಹಾಕುವವರಿಗೆ ಅಮೆರಿಕದಲ್ಲಿ ಕಾಯಂ ವಾಸವಿರಬೇಕೆಂಬುದು ದಿಟ. ಆದರೆ ಹೊರನಾಡಿನಲ್ಲಿರುವವರು, ಸಂಗಾತಿ ಅಲ್ಲಿ ಕಾಲಿಡುವ ಹೊತ್ತಿಗೆ ತಾವೂ ನೆಲೆಗೊಳ್ಳುವರೆಂದು ತೋರಿಸಲು ಅವಕಾಶವುಂಟು: ಉದ್ಯೋಗದ ಪತ್ರ, ಮನೆಯ ಕರಾರು, ಬ್ಯಾಂಕ್ ಖಾತೆ, ಮಕ್ಕಳ ಶಾಲಾ ದಾಖಲಾತಿ. ಇಬ್ಬರೂ ಒಂದೇ ವಿಮಾನದಿಂದ ಇಳಿಯಬಹುದು. ಕಾನೂನು ತೆರೆದಿಟ್ಟ ಬಾಗಿಲಿಗೆ ನಾವೇಕೆ ಅಗುಳಿ ಹಾಕಬೇಕು? ಮದುವೆ ನಿಜವೆಂದು ಸಾರುವುದೂ ಕೂಡಿ ಬಾಳಿದ ಮನೆಯ ಕಾಗದಗಳೇ ಅಲ್ಲವೆ!

ಇನ್ನು ಕನ್ನಡದ ಲಗ್ನಪತ್ರಿಕೆ, ತೆಲುಗಿನ ದಾಖಲೆ. ಇಂಗ್ಲಿಷ್ ಅನುವಾದಕ್ಕಾಗಿ ಏಜೆಂಟರಿಗೆ ಹಣ ಸುರಿಯುತ್ತಾರೆ. ಎರಡೂ ಭಾಷೆ ಬಲ್ಲವರೊಬ್ಬರು ತಮ್ಮ ಅರ್ಹತೆಯನ್ನು ತಿಳಿಸಿ, ಅನುವಾದ ಪೂರ್ಣ ಹಾಗೂ ಯಥಾರ್ಥವೆಂದು ಸಹಿ ಮಾಡಿದರೆ ಸಲ್ಲುತ್ತದೆ. ಹಾರ ತುರಾಯಿಗಳಿಗೆ ಬಿಡುವುಳ್ಳ ಸಂಘಗಳಿಗೆ ಇಷ್ಟಕ್ಕೆ ಬಿಡುವಿಲ್ಲವೆ?