ಹಿಡಿಕೆಯ ಮೇಲಿನ ಕೈ

ಅನ್ನ ವಸ್ತ್ರಗಳಂತೆ ವಿನೋದವೂ ಮನುಷ್ಯನಿಗೆ ಅಗತ್ಯವಾದುದು. ಆದರೆ ಒಬ್ಬರು ನಿಶ್ಚಿಂತೆಯಿಂದ ನಗಬೇಕಾದರೆ ಮತ್ತೊಬ್ಬರು ಎಚ್ಚರವಾಗಿರಬೇಕಾಗುತ್ತದೆ. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನ ಟಿವೊಲಿ ಉದ್ಯಾನವು ಈ ಮಾತಿಗೆ ಉತ್ತಮ ನಿದರ್ಶನವಾಗಿದೆ.

ಜಾರ್ಜ್ ಕಾರ್ಸ್ಟೆನ್ಸನ್ ಎಂಬಾತನು ದೊರೆ ಎಂಟನೆಯ ಕ್ರಿಶ್ಚಿಯನ್ನನ ಅಪ್ಪಣೆ ಪಡೆದು 1843ರ ಆಗಸ್ಟ್ 15ರಂದು ಈ ಉದ್ಯಾನವನ್ನು ತೆರೆದನು. ಅಂದು ಅದು ನಗರದ ಕೋಟೆಯ ಹೊರಗಣ ನೆಲ. ಕಂದಕದ ಉಳಿದ ಭಾಗವೇ ಇಂದಿನ ಕೊಳ. ವಿನೋದದಲ್ಲಿ ತೊಡಗಿದ ಜನರು ರಾಜಕಾರಣದ ಗೊಡವೆಗೆ ಹೋಗುವುದಿಲ್ಲವೆಂದು ಹೇಳಿ ಆತನು ದೊರೆಯನ್ನು ಒಪ್ಪಿಸಿದನೆಂಬ ಪ್ರತೀತಿಯುಂಟು. 1944ರ ಜೂನ್ ತಿಂಗಳಲ್ಲಿ ನಾಜಿ ಪಕ್ಷಪಾತಿಗಳು ಇಲ್ಲಿಯ ಹಲವು ಕಟ್ಟಡಗಳನ್ನು ಸುಟ್ಟರು. ಕೆಲವೇ ವಾರಗಳಲ್ಲಿ ಉದ್ಯಾನವು ಮತ್ತೆ ಜನರಿಗೆ ತೆರೆಯಿತು.

ಇಲ್ಲಿ 1914ರಿಂದ ಓಡುತ್ತಿರುವ ಮರದ ರೋಲರ್ ಕೋಸ್ಟರ್ ಒಂದಿದೆ. ಅದರ ಹಾದಿ ಸುಮಾರು 720 ಮೀಟರ್. ಬಂಡಿಗೆ ಎಂಜಿನ್ ಇಲ್ಲ. ಅದನ್ನು ಎತ್ತರಕ್ಕೆ ಎಳೆದು ಬಿಟ್ಟ ಮೇಲೆ ಭೂಮಿಯ ಸೆಳೆತವೇ ಅದನ್ನು ಇಳಿಜಾರಿನಲ್ಲಿ ಓಡಿಸುತ್ತದೆ. ಹಳಿಯ ಅಡಿಯಲ್ಲಿಯೂ ಗಾಲಿಯಿಟ್ಟು ಬಂಡಿಯು ಮೇಲೇಳದಂತೆ ಹಿಡಿಯುವ ವಿಧಾನಕ್ಕೆ ಅಮೆರಿಕದ ಜಾನ್ ಮಿಲ್ಲರ್ ಪೇಟೆಂಟ್ ಪಡೆದುದು 1919ರಲ್ಲಿ. ಅದಕ್ಕೂ ಹಿಂದಿನ ಇಂತಹ ಸವಾರಿಗಳಲ್ಲಿ ವೇಗವನ್ನು ಹತೋಟಿಯಲ್ಲಿಡುವುದೇ ಮುಖ್ಯ ರಕ್ಷಣೆಯಾಗಿತ್ತು. ಆದುದರಿಂದ ಅನೇಕ ಬಂಡಿಗಳಲ್ಲಿ ಬ್ರೇಕ್ ಹಿಡಿಯುವವನೊಬ್ಬನು ಪ್ರಯಾಣಿಕರೊಡನೆ ಸಾಗುತ್ತಿದ್ದನು. ಟಿವೊಲಿಯಲ್ಲಿ ಆ ಪದ್ಧತಿ ಇಂದಿಗೂ ಉಳಿದಿದೆ. ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಲೂನಾ ಪಾರ್ಕಿನಲ್ಲಿ 1912ರಿಂದ ಓಡುತ್ತಿರುವ ಸೀನಿಕ್ ರೈಲ್ವೆಯಲ್ಲಿಯೂ ಅಂಥವನೊಬ್ಬನು ಬಂಡಿಯ ನಡುವೆ ನಿಂತು ಹಿಡಿಕೆಯನ್ನು ಎಳೆಯುತ್ತಾನೆ. ಎಲ್ಲಿ ಬಿಗಿಯಬೇಕು, ಎಲ್ಲಿ ಸಡಿಲಿಸಬೇಕು ಎಂಬುದನ್ನು ಅವನು ಹಾದಿಯ ತಿರುವುಗಳನ್ನು ಬಲ್ಲ ಅನುಭವದಿಂದ ನಿರ್ಣಯಿಸಬೇಕು. ಮಕ್ಕಳು ಕೇಕೆ ಹಾಕುವಾಗ ಅವನ ಗಮನವು ಕದಲುವಂತಿಲ್ಲ.

ಎಚ್ಚರವು ತಪ್ಪಿದರೆ ಏನಾಗುವುದೆಂಬುದಕ್ಕೆ ಸಿಡ್ನಿಯ ಲೂನಾ ಪಾರ್ಕ್ ಸಾಕ್ಷಿ. ಅದು ತೆರೆದ 1935ರಿಂದ ಇದ್ದ ‘ಘೋಸ್ಟ್ ಟ್ರೇನ್’ ಎಂಬ ಕತ್ತಲೆಯ ಸವಾರಿಗೆ 1979ರ ಜೂನ್ 9ರ ರಾತ್ರಿ ಬೆಂಕಿ ಬಿದ್ದಿತು. ಆರು ಮಂದಿ ಮಕ್ಕಳು, ಒಬ್ಬ ತಂದೆ, ಹೀಗೆ ಏಳು ಜನರು ಅಸುನೀಗಿದರು. ಬೆಂಕಿಯ ಕಾರಣವು ಆಗಿನ ವಿಚಾರಣೆಯಲ್ಲಿ ನಿರ್ಣಯವಾಗಲಿಲ್ಲ. ಬೆಂಕಿಯನ್ನು ಎದುರಿಸುವ ಸಿದ್ಧತೆ ಸಾಲದಾಗಿತ್ತೆಂಬುದು ಮಾತ್ರ ಸ್ಪಷ್ಟವಾಯಿತು. ಭಯದ ಆಟವೆಂದು ಹತ್ತಿದ ಮಕ್ಕಳಿಗೆ ನಿಜವಾದ ಭಯವೇ ಎದುರಾಯಿತು.

ಹಳೆಯದೆಂಬ ಕಾರಣಕ್ಕೆ ಯಾವುದೂ ಅಪಾಯಕಾರಿಯಲ್ಲ. ಹಳೆಯದೆಂಬ ಅಭಿಮಾನವೊಂದೇ ಅದನ್ನು ಕಾಯಲಾರದು. ನೂರು ವರ್ಷ ದಾಟಿದ ಮರದ ಬಂಡಿ ಇಂದಿಗೂ ಓಡುತ್ತಿರುವುದು ಸವೆದ ಹಲಗೆಯನ್ನು ಕಾಲಕಾಲಕ್ಕೆ ಬದಲಿಸುವವರಿಂದ, ಹಿಡಿಕೆಯನ್ನು ಬಿಡದವರಿಂದ. ಪೂರ್ವಜರ ವಸ್ತುವನ್ನು ಉಳಿಸಿಕೊಳ್ಳುವುದೆಂದರೆ ದಿನವೂ ಅದರ ಆರೈಕೆ ಮಾಡುವುದೆಂದೇ ಅರ್ಥ.

ಓದುಗರು ಜಾತ್ರೆಯಲ್ಲಿ ಮಕ್ಕಳನ್ನು ತೊಟ್ಟಿಲಿಗೆ ಹತ್ತಿಸುವ ಮುನ್ನ ಒಂದು ಗಳಿಗೆ ನಿಂತು, ಅದನ್ನು ನಡೆಸುವವನನ್ನೂ ಅದರ ಕೀಲುಗಳನ್ನೂ ನೋಡಬೇಕು. ಸಂದೇಹ ತೋರಿದರೆ ಮಗುವಿನ ಅಳುವಿಗೆ ಮಣಿಯದೆ ಹಿಂದಿರುಗಬೇಕು. ಎಲ್ಲವೂ ಸರಿಯಾಗಿದ್ದು ಮಗು ನಗುತ್ತ ಇಳಿದರೆ, ಹಿಡಿಕೆ ಹಿಡಿದವನಿಗೆ ಒಂದು ಒಳ್ಳೆಯ ಮಾತನ್ನಾಡಿ ಬರಬೇಕು. ಆ ನಗೆಯಲ್ಲಿ ಅವನ ದುಡಿಮೆಯ ಪಾಲೂ ಇದೆ.